ಕತೆಯ ಬೂಷ್ಟು, ಕಣದ ಬೂಷ್ಟು

ಶಿಲೀಂಧ್ರವೆಂದರೆ ನಮ್ಮ ಬೆಳೆಗಾರರಿಗೆ ಹೊಸ ಪರಿಚಯವೇನಲ್ಲ. ಕಾಫಿಯ ಎಲೆತುಕ್ಕಿನಿಂದ ಹಿಡಿದು ಅಡಿಕೆ ಮರದ ಅಣಬೆರೋಗದವರೆಗೆ ಅದರ ನಾನಾ ರೂಪಗಳನ್ನು ನಾವು ಕಂಡಿದ್ದೇವೆ, ನಷ್ಟವನ್ನೂ ಉಂಡಿದ್ದೇವೆ. ಆದರೆ ಗಿಡವನ್ನು ಬಿಟ್ಟು ಮನುಷ್ಯನನ್ನೇ ಹಿಡಿದು ರಾಕ್ಷಸನನ್ನಾಗಿ ಮಾಡುವ ಶಿಲೀಂಧ್ರದ ಕತೆಯೊಂದು ಈಗ ಮಕ್ಕಳ ಬಾಯಲ್ಲಿದೆ. ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದನ್ನು ಬೆಳೆಗಾರರಾದ ನಾವು ತಿಳಿಯುವುದು ಒಳ್ಳೆಯದು.

ಕತೆಯ ಹೆಸರು 'ದಿ ಲಾಸ್ಟ್ ಆಫ್ ಅಸ್'. ಅಮೆರಿಕದಲ್ಲಿ 2013ರಲ್ಲಿ ವಿಡಿಯೋ ಆಟವಾಗಿ ಬಂದು, 2023ರಲ್ಲಿ ಟಿ.ವಿ. ಧಾರಾವಾಹಿಯಾಯಿತು. ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಮನುಷ್ಯನ ಮಿದುಳನ್ನು ಸೇರುತ್ತದೆ. ಸೋಂಕು ತಗಲಿದವನು ಮೊದಲು ಬುದ್ಧಿ ಕಳೆದುಕೊಂಡು ಕಂಡಕಂಡವರನ್ನು ಕಚ್ಚಲು ಓಡುತ್ತಾನೆ. ವರ್ಷಗಳು ಕಳೆದಂತೆ ತಲೆ ಬಿರಿದು ಅಣಬೆಯ ಪದರಗಳು ಏಳುತ್ತವೆ, ಕಣ್ಣು ಹೋಗುತ್ತದೆ, ಬಾವಲಿಯಂತೆ ಶಬ್ದದಿಂದಲೇ ದಾರಿ ಕಂಡುಕೊಳ್ಳುತ್ತಾನೆ. ಧಾರಾವಾಹಿಯಲ್ಲಿ ಸೋಂಕಿನ ಮೊದಲ ಸುಳಿವು ದೊರೆಯುವುದು ಇಂಡೋನೇಷ್ಯಾದ ಜಕಾರ್ತಾದಲ್ಲಿ, ಹಿಟ್ಟು ಮತ್ತು ಧಾನ್ಯದ ಕಾರ್ಖಾನೆಯೊಂದರ ಕೆಲಸಗಾರ್ತಿಯಲ್ಲಿ. ರೋಗವು ಆಹಾರದ ಮೂಲಕ ಬಂತೆಂಬ ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ಕತೆಗೆ ಆಧಾರವಿಲ್ಲದಿಲ್ಲ. ಉಷ್ಣವಲಯದ ಕಾಡುಗಳಲ್ಲಿ ಇರುವೆಗಳನ್ನು ಹೀಗೆಯೇ ಆಳುವ ಶಿಲೀಂಧ್ರವೊಂದಿದೆ. ಸೋಂಕು ತಗಲಿದ ಇರುವೆ ಗೂಡು ಬಿಟ್ಟು, ತೇವವಿರುವ ಎತ್ತರಕ್ಕೆ ಏರಿ, ಎಲೆಯ ಅಡಿಭಾಗದ ನರವನ್ನು ಕಚ್ಚಿ ಹಿಡಿದು ಅಲ್ಲೇ ಸಾಯುತ್ತದೆ. ಬಳಿಕ ಅದರ ತಲೆಯ ಹಿಂಬದಿಯಿಂದ ಒಂದು ಕಡ್ಡಿ ಮೂಡಿ ಬೀಜಾಣುಗಳನ್ನು ಕೆಳಗೆ ಉದುರಿಸುತ್ತದೆ. ಸೋಜಿಗವೆಂದರೆ ಶಿಲೀಂಧ್ರವು ಇರುವೆಯ ಮಿದುಳಿನೊಳಕ್ಕೆ ಹೋಗುವುದಿಲ್ಲ. ಸ್ನಾಯುಗಳನ್ನು ಬಲೆಯಂತೆ ಸುತ್ತುತ್ತದೆ ಎಂದು 2017ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ.

ಹಾಗಾದರೆ ನಮಗೂ ಇದು ಬರಬಹುದೇ? ಭಯಬೇಡ. ಈ ಜಾತಿಯ ಶಿಲೀಂಧ್ರಗಳು ಒಂದೊಂದು ಬಗೆಯ ಕೀಟಕ್ಕೇ ಒಗ್ಗಿಕೊಂಡಂಥವು. ಅಲ್ಲದೆ ಬಹುಪಾಲು ಶಿಲೀಂಧ್ರಗಳು ನಮ್ಮ ಮೈಯ 37 ಡಿಗ್ರಿ ಶಾಖದಲ್ಲಿ ಬಾಳಲಾರವು. ಮನುಷ್ಯನಿಗೆ ರೋಗ ತರುವವು ಕೆಲವಿವೆ, ನಿಜ. 2021ರ ಕೋವಿಡ್ ಕಾಲದಲ್ಲಿ 'ಕಪ್ಪು ಶಿಲೀಂಧ್ರ'ದ ಹಾವಳಿ ಯಾರೂ ಮರೆತಿಲ್ಲ. ಆದರೆ ಅವು ಜೀವ ತೆಗೆದಾವೇ ಹೊರತು ಮನುಷ್ಯನನ್ನು ರಾಕ್ಷಸನನ್ನಾಗಿ ಮಾಡಲಾರವು.

ಆದರೆ ಆಹಾರದ ಮೂಲಕ ಬರುವ ಕೇಡು ಕಟ್ಟುಕತೆಯಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆಸ್ಪರ್ಜಿಲಸ್ ಎಂಬ ಆ ಬೂಷ್ಟು ಉಂಟುಮಾಡಿದ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅದು ಮನುಷ್ಯನ ಯಕೃತ್ತಿಗೂ ಮಾರಕ, ಕ್ಯಾನ್ಸರ್‌ಗೂ ಕಾರಣ.

ಇದೇ ಕುಲದ ಬೇರೆ ಬೂಷ್ಟುಗಳು ಕಾಫಿಯಲ್ಲಿ ಆಕ್ರಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಇದು ಮೂತ್ರಪಿಂಡಕ್ಕೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಯೂರೋಪಿನ ಒಕ್ಕೂಟವು ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೋಗ್ರಾಮ್ ಇದ್ದ ಮಿತಿಯನ್ನು 2023ರ ಜನವರಿಯಿಂದ 3ಕ್ಕೆ ಇಳಿಸಿದೆ. ಮೈಕ್ರೋಗ್ರಾಮ್ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮಿತಿ ಮೀರಿದ ಮಾಲಿಗೆ ಅಲ್ಲಿ ಮಾರುಕಟ್ಟೆಯಿಲ್ಲ.

ಈ ವಿಷ ಹುಟ್ಟುವ ಜಾಗ ನಮ್ಮ ಕಣವೇ. ಕೊಯ್ದ ಹಣ್ಣನ್ನು ರಾಶಿ ಹಾಕಿ ಬಿಟ್ಟರೆ, ಒಣಗುವ ಹೊತ್ತಿನಲ್ಲಿ ಅಕಾಲ ಮಳೆ ತೋಯಿಸಿದರೆ ಬೂಷ್ಟಿಗೆ ಹಬ್ಬ. ಆದ್ದರಿಂದ ಹಣ್ಣನ್ನು ಅಂದೇ ತೆಳುವಾಗಿ ಹರಡಬೇಕು, ದಿನಕ್ಕೆ ಹಲವು ಬಾರಿ ಕೈಯಾಡಿಸಬೇಕು, ರಾತ್ರಿ ಮಂಜು ಬೀಳದಂತೆ ಮುಚ್ಚಬೇಕು. ನೆಲಕ್ಕೆ ಉದುರಿದ ಹಣ್ಣನ್ನು ಒಳ್ಳೆಯದರೊಂದಿಗೆ ಬೆರೆಸಬಾರದು. ದಾಸ್ತಾನಿಡುವ ಕಾಫಿಯ ತೇವಾಂಶ ಶೇಕಡ 12 ದಾಟದಿರಲಿ. ಚಾಲಿ ಅಡಿಕೆಗೂ ಇದೇ ಮಾತು: 40ರಿಂದ 45 ದಿನಗಳ ಬಿಸಿಲು ಆಗುವ ಮೊದಲೇ ಹಣದ ಅವಸರಕ್ಕೆ ಚೀಲ ತುಂಬಿದರೆ ಒಳಗಿನಿಂದಲೇ ಬೂಷ್ಟು ಏಳುತ್ತದೆ. ಚೀಲಗಳು ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ.

ಒಬ್ಬ ಸದಸ್ಯರ ಒಂದು ಹಸಿ ಚೀಲ ರಾಶಿಯಲ್ಲಿ ಸೇರಿದರೆ ಕೆಡುವುದು ಹತ್ತು ಮಂದಿಯ ಮಾಲು, ಎಲ್ಲರ ಹೆಸರು. ಕತೆಯ ರಾಕ್ಷಸ ದೂರದಿಂದಲೇ ಸದ್ದು ಮಾಡುತ್ತ ಬರುತ್ತಾನೆ. ಕಣದ ಬೂಷ್ಟು ಸದ್ದು ಮಾಡುವುದಿಲ್ಲ. ನಾವೇ ಬಗ್ಗಿ, ಕೈಹಾಕಿ, ಮೂಸಿ ನೋಡಬೇಕು.