ಕನ್ನಡ ಶಿಶುಕಾವ್ಯದಲ್ಲಿ ನಿಸರ್ಗ: ವರ್ಣನೆಯಿಂದ ಒಡನಾಟಕ್ಕೆ

ಕನ್ನಡ ಶಿಶುಕಾವ್ಯವನ್ನು ಕುರಿತ ಚರ್ಚೆಗಳಲ್ಲಿ ನಿಸರ್ಗವು ಸಾಮಾನ್ಯವಾಗಿ ‘ವಸ್ತು’ ಎಂಬ ತಲೆಬರಹದ ಅಡಿಯಲ್ಲಿ ಬರುತ್ತದೆ. ಚಂದ್ರ, ಮಳೆ, ಹಕ್ಕಿ, ಹೂವು ಎಂದು ಪದ್ಯಗಳನ್ನು ವಿಂಗಡಿಸಿ, ಕವಿಯು ಅವುಗಳನ್ನು ಎಷ್ಟು ಸರಳವಾಗಿ ವರ್ಣಿಸಿದ್ದಾನೆಂದು ತೋರಿಸುವುದು ರೂಢಿ. ಈ ಅಳತೆಗೋಲನ್ನು ಹಿಡಿದರೆ ಶಿಶುಕಾವ್ಯವು ನವೋದಯದ ಪ್ರಕೃತಿಕಾವ್ಯದ ಸುಲಭೀಕೃತ ರೂಪವಾಗಿಯಷ್ಟೇ ಕಾಣುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಪ್ರಮುಖ ರಚನೆಗಳನ್ನು ಗಮನಿಸಿದಾಗ ಅಲ್ಲಿ ವರ್ಣನೆಯ ಪಾಲು ಕಡಿಮೆಯೆಂಬುದು ತಿಳಿಯುತ್ತದೆ. ಮಗು ಅಲ್ಲಿ ನಿಸರ್ಗವನ್ನು ಕರೆಯುತ್ತದೆ, ಕೇಳುತ್ತದೆ, ಅಣಕಿಸುತ್ತದೆ, ಪಕ್ಕದವರಿಗೆ ತೋರಿಸುತ್ತದೆ. ಇನ್ನೊಬ್ಬರೊಡನೆ ಹಂಚಿಕೊಳ್ಳುವ ಕ್ರಿಯೆಯೇ ಈ ಪದ್ಯಗಳ ರಚನಾತತ್ತ್ವವಾಗಿದೆ.

ಪಂಜೆ ಮಂಗೇಶರಾಯರ (1874–1937) ‘ಹಾವಿನ ಹಾಡು’ ಇದಕ್ಕೆ ಉತ್ತಮ ನಿದರ್ಶನ. ನಾಲ್ಕು ಮಾತ್ರೆಗಳ ನಡೆಯಲ್ಲಿ ಸಾಗುವ ಈ ಪದ್ಯದಲ್ಲಿ ಹಾವಿನ ರೂಪವನ್ನು ಹೇಳುವ ಮಾತುಗಳು ಕೆಲವೇ. ಪದ್ಯವನ್ನು ಮುನ್ನಡೆಸುವುದು ಸಂಬೋಧನೆ. ಕೈಮುಗಿದು, ಹಾಲು ಕೊಡುವೆನೆಂದು ಹೇಳಿ ಕರೆಯುವ ದನಿಯೇ ಕೊನೆಗೆ ನಮಸ್ಕರಿಸುತ್ತಲೇ ಹಾವನ್ನು ಹೊರಗೆ ಸಾಗಹಾಕುತ್ತದೆ. ನುಡಿಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಏಕಾಕ್ಷರದ ಕ್ರಿಯಾಪದಗಳು ಈ ಪಲ್ಲಟವನ್ನು ಕಿವಿಗೆ ಮುಟ್ಟಿಸುತ್ತವೆ. ಕರಾವಳಿಯ ಬದುಕಿನಲ್ಲಿ ನಾಗನ ಬಗೆಗೆ ಇರುವ ಭಕ್ತಿ ಮತ್ತು ಭಯಗಳೆರಡೂ ಯಾವ ವಿವರಣೆಯೂ ಇಲ್ಲದೆ ಮಗುವಿನ ಬಾಯಿಗೆ ಬರುವುದು ಹೀಗೆ. ‘ತೆಂಕಣ ಗಾಳಿಯಾಟ’ದಲ್ಲಿ ಅನುಕರಣಾವ್ಯಯಗಳೂ ದ್ವಿತ್ವಾಕ್ಷರಗಳೂ ಗಾಳಿಯ ರಭಸವನ್ನು ಉಚ್ಚಾರಣೆಗೆ ಒಪ್ಪಿಸುತ್ತವೆ. ಅದನ್ನು ಗಟ್ಟಿಯಾಗಿ ಓದುವವನ ಉಸಿರೇ ಗಾಳಿಯಾಗುತ್ತದೆ. ಮೌನವಾಗಿ ಓದಿದರೆ ಪದ್ಯದ ಅರ್ಧಭಾಗ ನಷ್ಟವಾಗುತ್ತದೆ. ಪಂಜೆಯವರು ಅಧ್ಯಾಪಕರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದರೆಂಬ ಸಂಗತಿ ಇಲ್ಲಿ ಮುಖ್ಯ. ತರಗತಿಯಲ್ಲಿ ಹತ್ತಾರು ಮಕ್ಕಳು ಒಟ್ಟಾಗಿ ಹೇಳುವ ದನಿ ಅವರಿಗೆ ದಿನನಿತ್ಯದ ಅನುಭವವಾಗಿತ್ತು.

ಬೇಂದ್ರೆಯವರ ‘ಗರಿ’ (1932) ಸಂಕಲನದ ‘ಪಾತರಗಿತ್ತಿ ಪಕ್ಕ’ದಲ್ಲಿ ಹಂಚಿಕೆಯ ಸ್ವರೂಪ ಇನ್ನಷ್ಟು ಸ್ಪಷ್ಟ. ಪದ್ಯವು ಚಿಟ್ಟೆಯ ರೆಕ್ಕೆಯ ಬಣ್ಣಗಳನ್ನು ಕುರಿತದ್ದಾದರೂ ಅದರ ಮಾತು ಚಿಟ್ಟೆಗೆ ಸಲ್ಲುವುದಿಲ್ಲ, ಅಕ್ಕನಿಗೆ ಸಲ್ಲುತ್ತದೆ. ತಾನು ಕಂಡದ್ದನ್ನು ಅಕ್ಕನೂ ಕಂಡಳೋ ಇಲ್ಲವೋ ಎಂಬ ಕಾತರದಿಂದ ಪದ್ಯ ಹುಟ್ಟಿದೆ. ಧಾರವಾಡದ ಆಡುನುಡಿ ಈ ಸಲಿಗೆಗೆ ಅನಿವಾರ್ಯವಾದ ಭಾಷೆ. ಅಲ್ಲಿನ ‘ಗೆಳೆಯರ ಗುಂಪಿ’ನ ವಾತಾವರಣದಲ್ಲಿ ಕವಿತೆಯೆಂಬುದು ಸ್ನೇಹಿತರ ಎದುರು ಹೇಳುವ, ಹಾಡುವ ವಸ್ತುವಾಗಿತ್ತು. ಅಚ್ಚಾಗುವ ಮೊದಲೇ ಕವಿತೆಗೆ ಕೇಳುಗರಿದ್ದರು ಎಂಬುದನ್ನು ಮರೆತರೆ ಈ ಕವಿತೆಯ ಸಂಬೋಧನೆ ಕೇವಲ ಅಲಂಕಾರವಾಗಿ ತೋರುವ ಅಪಾಯವಿದೆ.

ಜಿ.ಪಿ. ರಾಜರತ್ನಂ ಅವರ ‘ನಾಯಿಮರಿ’ ಪದ್ಯ ಪ್ರಶ್ನೋತ್ತರ ರೂಪದಲ್ಲಿದೆ. ಮಗು ಕೇಳುತ್ತದೆ, ನಾಯಿಮರಿ ಉತ್ತರಿಸುತ್ತದೆ. ಹೀಗಾಗಿ ಅದನ್ನು ಹೇಳಲು ಇಬ್ಬರು ಅಥವಾ ಎರಡು ಗುಂಪುಗಳು ಬೇಕು. ಒಂದು ಗುಂಪು ಪ್ರಾಣಿಯ ಪಾತ್ರವನ್ನು ವಹಿಸಲೇಬೇಕು. ಪ್ರಾಣಿಯನ್ನು ನೋಡುವ ಮಗು ಕ್ಷಣಕಾಲ ಪ್ರಾಣಿಯಾಗುವ ಅವಕಾಶವನ್ನು ಪದ್ಯದ ರೂಪವೇ ಒದಗಿಸಿದೆ.

ಅನ್ಯಭಾಷೆಯಿಂದ ಬಂದ ವಸ್ತುವೂ ಇದೇ ದಾರಿಯಲ್ಲಿ ನಾಡಿನದಾಗುತ್ತದೆ. ರಾಬರ್ಟ್ ಬ್ರೌನಿಂಗನ ‘ದಿ ಪೈಡ್ ಪೈಪರ್ ಆಫ್ ಹ್ಯಾಮೆಲಿನ್’ (1842) ಕವನವನ್ನು ಆಧರಿಸಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ವೇಸರ್ ನದಿಯ ಸ್ಥಾನಕ್ಕೆ ತುಂಗೆ ಬಂದಿದ್ದಾಳೆ. ಇಲಿಗಳನ್ನು ಗಾತ್ರ, ಬಣ್ಣ, ನಂಟಸ್ತಿಕೆಗಳ ಮೂಲಕ ಪಟ್ಟಿ ಮಾಡುವ ಕ್ರಮ ಮೂಲದಲ್ಲಿಯೂ ಇದೆ. ಆದರೆ ನಂಟಿನ ಪದಕ್ಕೆ ‘ಇಲಿ’ಯನ್ನು ಸೇರಿಸಿ ಹೊಸ ಸಮಾಸಗಳನ್ನು ಸೃಷ್ಟಿಸುವ ಆಟ ಕನ್ನಡದ್ದೇ. ಕೇಳುವ ಮಗು ತನಗೆ ತಿಳಿದ ನಂಟುಗಳನ್ನೆಲ್ಲ ಸೇರಿಸಿ ಈ ಪಟ್ಟಿಯನ್ನು ಬೆಳೆಸಬಲ್ಲದು. ಹೀಗೆ ಕೇಳುಗನೂ ಕರ್ತೃವಾಗುವ ಎಡೆಯನ್ನು ಕವಿ ಬಿಟ್ಟಿದ್ದಾರೆ.

ಈ ಲಕ್ಷಣಗಳ ಬೇರು ಜನಪದ ಪರಂಪರೆಯಲ್ಲಿದೆ. ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ನವೋದಯದ ಕವಿಗಳಿಗೆ ಈ ಪರಂಪರೆಯನ್ನು ಅಚ್ಚಿನ ರೂಪದಲ್ಲಿ ಎದುರಿಗಿಟ್ಟಿತು. ತ್ರಿಪದಿಯ ತಾಯಿ ಆಡಿಬಂದ ಕಂದನ ಮೋರೆಯನ್ನು ತೆಂಗಿನಕಾಯಿಯ ತಿಳಿನೀರಿನಿಂದ ತೊಳೆಯುತ್ತಾಳೆ. ಅಲ್ಲಿ ತೆಂಗು ದೂರದಿಂದ ನೋಡುವ ದೃಶ್ಯವಾಗಿರದೆ ಮಗುವಿನ ಮೈಗೆ ತಾಗುವ ವಸ್ತು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ ಒಬ್ಬರಿಂದೊಬ್ಬರಿಗೆ ಸಾಗಿದ ಈ ಹಾಡುಗಳಲ್ಲಿ ನಿಸರ್ಗ, ಶ್ರಮ ಮತ್ತು ವಾತ್ಸಲ್ಯಗಳನ್ನು ಬೇರ್ಪಡಿಸಲಾಗದು.

ಮೇಲಿನ ವಿವೇಚನೆಯಿಂದ ಬೋಧನೆ ಮತ್ತು ಸಂಶೋಧನೆಗಳಿಗೆ ಸಂಬಂಧಿಸಿದ ಎರಡು ಅಂಶಗಳು ಹೊಮ್ಮುತ್ತವೆ. ಮೊದಲನೆಯದಾಗಿ, ಹುತ್ತವನ್ನಾಗಲಿ ಬೀಸುವ ಕಲ್ಲನ್ನಾಗಲಿ ಕಾಣದ ನಗರದ ಮಗುವಿಗೆ ಪದ್ಯವೇ ಅವುಗಳ ಮೊದಲ ಪರಿಚಯ. ಇಂಥ ಮಗುವಿಗೆ ಪದಾರ್ಥ ಹೇಳಿ, ಕವಿಯ ವರ್ಣನೆಯನ್ನು ಪ್ರಶ್ನೆಯಾಗಿಸುವುದರಿಂದ ಪದ್ಯ ಮುಟ್ಟುವುದಿಲ್ಲ. ಮೊದಲು ಹಾಡಿಸಿ, ಆಡಿಸಿ, ಅನಂತರ ಅರ್ಥಕ್ಕೆ ಬರುವುದೇ ಪದ್ಯದ ಸ್ವಭಾವಕ್ಕೆ ಒಪ್ಪುವ ಕ್ರಮ. ಎರಡನೆಯದಾಗಿ, ಮುದ್ರಿತ ಪಾಠವೊಂದನ್ನೇ ಆಕರವೆಂದು ಭಾವಿಸುವ ಸಂಶೋಧನೆ ಈ ಪ್ರಕಾರಕ್ಕೆ ಸಾಲದು. ಒಂದೇ ಪದ್ಯ ಬೇರೆ ಬೇರೆ ಊರುಗಳ ಶಾಲೆಗಳಲ್ಲಿ ಯಾವ ಧಾಟಿಯಲ್ಲಿ, ಯಾವ ಅಭಿನಯದೊಡನೆ, ಯಾವ ಪಾಠಾಂತರಗಳೊಡನೆ ಬಳಕೆಯಲ್ಲಿದೆ ಎಂಬುದನ್ನು ಹಿರಿಯ ಶಿಕ್ಷಕರಿಂದ ಧ್ವನಿಮುದ್ರಿಸಿಕೊಳ್ಳುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕ್ಷೇತ್ರಕಾರ್ಯ. ಆ ತಲೆಮಾರಿನ ನೆನಪು ಮಾಸುವ ಮುನ್ನ ಇದು ನಡೆಯದಿದ್ದರೆ ಅಚ್ಚಿನ ಅಕ್ಷರಗಳು ಉಳಿದಾವು. ಹಾಡಿನ ಧಾಟಿ, ಆಟ ಉಳಿಯಲಾರವು.