ನಿಮಗಿದು ಗೊತ್ತೇ? ಹೃದಯಕ್ಕೂ ತೇಪೆ ಬೀಳುತ್ತದೆ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರ್, ರೈಲಿನಲ್ಲಿ ಆರು ತಾಸು. ರೈಲು ಹೊರಟ ಗಳಿಗೆಯಲ್ಲೇ ಪ್ರಯಾಣಿಕರೊಬ್ಬರ ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿತು ಎನ್ನಿ. ಅನಕಾಪಲ್ಲಿ ಬರುವಷ್ಟರಲ್ಲಿ, ಅಂದರೆ ಅರ್ಧ ತಾಸಿಗೆಲ್ಲ, ಸ್ನಾಯುಕೋಶಗಳು ಸಾಯತೊಡಗುತ್ತವೆ. ವಿಜಯವಾಡ ಮುಟ್ಟುವ ಹೊತ್ತಿಗೆ ಆ ನಾಳ ರಕ್ತ ಕೊಡುತ್ತಿದ್ದ ಭಾಗದ ಬಹುಪಾಲು ಹೋಗಿರುತ್ತದೆ.

ಆಮ್ಲಜನಕ ನಿಂತೊಡನೆ ಹೃದಯದಲ್ಲಿ ಮೊದಲು ಬರಿದಾಗುವುದು ಫಾಸ್ಫೋಕ್ರಿಯಾಟಿನ್ ಎಂಬ ಶಕ್ತಿಯ ದಾಸ್ತಾನು. 1927ರಲ್ಲಿ ಸೈರಸ್ ಫಿಸ್ಕ್ ಜೊತೆ ಅದನ್ನು ಗುರುತಿಸಿದವರು ಯಲ್ಲಾಪ್ರಗಡ ಸುಬ್ಬರಾವ್. ಅವರು ಹುಟ್ಟಿದ್ದು ಈ ಎರಡು ನಗರಗಳ ನಡುವಿನ ಭೀಮವರಂನಲ್ಲಿ!

ಸತ್ತ ಹೃದಯಸ್ನಾಯು ಮತ್ತೆ ಚಿಗುರುವುದು ಇಲ್ಲವೆನ್ನುವಷ್ಟು ಕಡಿಮೆ. ಆ ಜಾಗಕ್ಕೆ ದೇಹ ಹಾಕುವ ತೇಪೆಯೇ ಕೊಲ್ಯಾಜೆನ್, ಚರ್ಮಕ್ಕೂ ಮೂಳೆಗೂ ಬಲ ಕೊಡುವ ಅದೇ ಪ್ರೋಟೀನು.

ಹೃದಯದ ಗೋಡೆ ಅತ್ಯಂತ ದುರ್ಬಲವಾಗಿರುವುದು ಹೃದಯಾಘಾತವಾದ ದಿನವಲ್ಲ, ಮೂರರಿಂದ ಏಳನೆಯ ದಿನದ ನಡುವೆ. ಆಗ ಹಳೆಯ ನಾರು ಕರಗಿರುತ್ತದೆ, ಹೊಸದು ಇನ್ನೂ ಗಟ್ಟಿಯಾಗಿರುವುದಿಲ್ಲ. ಅಪರೂಪಕ್ಕೆ ಗೋಡೆ ಹರಿಯುವುದೂ ಉಂಟು. ನೋವು ಹೋಯಿತೆಂದು ಮನೆಗೆ ಹೊರಟವರನ್ನು ವೈದ್ಯರು ತಡೆದರೆ ದಯವಿಟ್ಟು ಬೇಸರಿಸಬೇಡಿ.

ತೇಪೆಗೆ ಮೊದಲು ಬರುವುದು ಕೊಲ್ಯಾಜೆನ್‌ನ ಮೂರನೆಯ ಬಗೆಯ ಸಣ್ಣ ನಾರು. ಆಮೇಲೆ ಒಂದನೆಯ ಬಗೆಯ ದಪ್ಪ ನಾರು ಹೆಚ್ಚುತ್ತದೆ. ತೇಪೆ ಬಲಿಯಲು ಆರರಿಂದ ಎಂಟು ವಾರ ಬೇಕು. ಪಿಕ್ರೊಸಿರಿಯಸ್ ರೆಡ್ ಬಣ್ಣ ಹಾಕಿ ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ದಪ್ಪ ನಾರು ಕೆಂಪು-ಹಳದಿಯಾಗಿ, ಸಣ್ಣದು ಹಸಿರಾಗಿ ಹೊಳೆಯುತ್ತದೆ.

ಕೊಲ್ಯಾಜೆನ್ ಮೂರೆಳೆ ಹುರಿಯಂತಿದೆ ಎಂದು 1954ರಲ್ಲಿ ತೋರಿಸಿದವರು ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಪರೀಕ್ಷೆಗೆ ಬಳಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜು. ಸಿ. ವಿ. ರಾಮನ್ ಶಿಷ್ಯರಾದ ರಾಮಚಂದ್ರನ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮುಂದೆ ಅಲ್ಲಿಯೇ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಹೃದಯದ ತೇಪೆಯನ್ನು ಜಗತ್ತಿನಲ್ಲಿ ಯಾರೇ ಅಧ್ಯಯನ ಮಾಡಲಿ, ಅದಕ್ಕೆ ಕೊಲ್ಯಾಜೆನ್ ಕುರಿತ ಈ ಕೆಲಸವೇ ಅಡಿಪಾಯ.

ಇಷ್ಟಾದರೂ ತೇಪೆ ಮಿಡಿಯುವುದಿಲ್ಲ. ಉಳಿದ ಸ್ನಾಯುವೇ ಅದರ ಪಾಲನ್ನೂ ದುಡಿಯಬೇಕು. ಆ ಆರೋಗ್ಯವಂತ ಭಾಗಕ್ಕೂ ಕೊಲ್ಯಾಜೆನ್ ಹಬ್ಬಿದರೆ ಹೃದಯ ಪೆಡಸಾಗುತ್ತದೆ. ರಾಮಿಪ್ರಿಲ್‌ನಂಥ ಮಾತ್ರೆಗಳು ಇದಕ್ಕೆ ಕಡಿವಾಣ ಹಾಕುತ್ತವೆ, ಹುಷಾರಾದೆವೆಂದು ನೀವೇ ನಿಲ್ಲಿಸಬೇಡಿ.

ಹೃದಯಾಘಾತದ ಹೊತ್ತಿಗೆ ಒದಗುವ 108 ಆಂಬುಲೆನ್ಸ್ ಶುರುವಾದದ್ದು 2005ರಲ್ಲಿ, ಆಗಿನ ಅವಿಭಜಿತ ಆಂಧ್ರದಲ್ಲಿ. ಇಂದು ಕರ್ನಾಟಕದಲ್ಲೂ ಅದೇ ಸಂಖ್ಯೆ. ಎದೆ ಹಿಂಡಿದಂತಾಗಿ, ಬೆವರು ಕಿತ್ತುಬಂದರೆ ಗ್ಯಾಸ್ ಇರಬೇಕೆಂದು ಕಾಯಬೇಡಿ. ಆ ಸಂಖ್ಯೆ ಒತ್ತಿ.