ಸಣ್ಣ ನುಡಿಗೊಂದು ಸ್ವಂತ ಕೆಲಸ

ಮಹಾರಾಷ್ಟ್ರದ ಸಾಂಗಲಿ ಪಕ್ಕದ ಕುಪವಾಡ ಈಗ ಮಹಾನಗರಪಾಲಿಕೆಯೊಳಗೆ ಸೇರಿಹೋದ ಊರು. 1960ರ ದಶಕದಲ್ಲಿ ಅದಿನ್ನೂ ಮೂರು ಸಾವಿರದಷ್ಟು ಜನರ ಹಳ್ಳಿ. ಹೊಲಮನೆ ಇದ್ದ ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ ಆಡುತ್ತಿದ್ದರು. ಮುಸಲ್ಮಾನರ ಮನೆಗಳಲ್ಲಿ ಉರ್ದು, ದಲಿತರ ಕೇರಿಯಲ್ಲಿ ಮರಾಠಿ, ಹಗ್ಗ ಹೊಸೆಯುವವರಲ್ಲಿ ತೆಲುಗು. ಗಂಡಸರಲ್ಲಿ ಹೆಚ್ಚುಕಡಿಮೆ ಎಲ್ಲರೂ ಎರಡು ಮೂರು ಭಾಷೆ ಬಲ್ಲವರು. ನೂರಾರು ವರ್ಷ ಹೀಗೆ ಒಟ್ಟಿಗೆ ಬಾಳಿದರೂ ಯಾರೂ ತಮ್ಮ ಮನೆಮಾತು ಬಿಟ್ಟುಕೊಟ್ಟಿರಲಿಲ್ಲ.

ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಈ ಊರಿನ ಹೆಸರು ಗೊತ್ತಿರುವುದು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಿಂದ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ಪದಗಳು ಬೇರೆಬೇರೆಯಾಗಿಯೇ ಉಳಿದಿದ್ದವು, ಆದರೆ ವಾಕ್ಯ ಕಟ್ಟುವ ಬಗೆ ಮೂರರಲ್ಲೂ ಒಂದೇ ಆಗುತ್ತ ಬಂದಿತ್ತು. ಬರವಣಿಗೆಯ ಕನ್ನಡದಲ್ಲಿ ‘ಈ ಮನೆ ನಿಮ್ಮದು’ ಎಂದರೆ ಮಾತು ಮುಗಿಯಿತು, ಕ್ರಿಯಾಪದ ಬೇಡ. ಮರಾಠಿಗೆ ಕೊನೆಯಲ್ಲಿ ‘ಆಹೆ’ ಬೇಕು, ಉರ್ದುವಿಗೆ ‘ಹೈ’ ಬೇಕು. ಕುಪವಾಡದ ಕನ್ನಡವೂ ‘ಐತಿ’ ಸೇರಿಸಿಕೊಂಡಿತ್ತು. (ಬೆಳಗಾವಿ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ.) ಕೊಡುವುದೂ ನಡೆದಿತ್ತು. ಪುಸ್ತಕದ ಮರಾಠಿಯಲ್ಲಿ ನದಿ ಹೆಣ್ಣು. ಕುಪವಾಡದ ಮರಾಠಿಯಲ್ಲಿ ನದಿ ನಪುಂಸಕವಾಗಿತ್ತು. ಮನುಷ್ಯರಿಗೆ ಮಾತ್ರ ಗಂಡು ಹೆಣ್ಣೆಂಬ ಲಿಂಗ, ಮಿಕ್ಕದ್ದೆಲ್ಲ ‘ಅದು’ ಎನ್ನುವ ಕನ್ನಡದ ಲೆಕ್ಕವನ್ನು ಮರಾಠಿಯೂ ಉರ್ದುವೂ ಒಪ್ಪಿಕೊಂಡಿದ್ದವು. ಸೊಪ್ಪು ಕೊಯ್ದುಕೊಂಡು ಬಂದೆ ಎಂಬಂಥ ಮಾತನ್ನು ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಇಟ್ಟು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಬಹುದಿತ್ತು.

ವ್ಯಾಕರಣ ಇಷ್ಟು ಹತ್ತಿರ ಬಂದ ಮೇಲೆ ಪದಗಳನ್ನೂ ಒಂದು ಮಾಡಿಕೊಂಡು ಒಂದೇ ಭಾಷೆ ಆಡಬಹುದಿತ್ತಲ್ಲ? ಆಡಲಿಲ್ಲ, ಏಕೆಂದರೆ ಅಲ್ಲಿ ಪ್ರತಿ ಭಾಷೆಗೂ ಬೇರೆ ಯಾವುದೂ ಮಾಡಲಾಗದ ಒಂದು ಕೆಲಸವಿತ್ತು. ನಂಟರೊಳಗೆ, ಕುಲದೊಳಗೆ ಆಡುವ ಮಾತು ‘ನಾವು ಇಂಥವರು’ ಎಂದು ಹೇಳುತ್ತಿತ್ತು. ಬೇರೆ ಕೇರಿಯವರೊಡನೆ ವ್ಯವಹಾರಕ್ಕೆ ಮರಾಠಿ ಸಾಕಾಗುತ್ತಿತ್ತು. ಊರಿನ ಹೆಚ್ಚಿನವರಿಗೆ ಅದು ಮನೆಮಾತಲ್ಲದ್ದರಿಂದ ಯಾರ ಪಕ್ಷವನ್ನೂ ಹಿಡಿದಂತಾಗುತ್ತಿರಲಿಲ್ಲ.

2003ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇನಿಯಲ್ ಅಬ್ರಾಮ್ಸ್ ಮತ್ತು ಸ್ಟೀವನ್ ಸ್ಟ್ರೋಗಾಟ್ಜ್ ‘ನೇಚರ್’ ಪತ್ರಿಕೆಯಲ್ಲಿ ಭಾಷೆಗಳ ಸಾವಿಗೆ ಒಂದು ಸಮೀಕರಣ ಬರೆದರು. ಅವರ ಲೆಕ್ಕದಲ್ಲಿ ಜನ ಒಂದು ಭಾಷೆ ಬಿಟ್ಟು ಇನ್ನೊಂದಕ್ಕೆ ಹೋಗುವುದು ಎರಡು ಕಾರಣಕ್ಕೆ: ಆಡುವವರು ಎಷ್ಟಿದ್ದಾರೆ, ಅದಕ್ಕೆ ಎಷ್ಟು ಪ್ರತಿಷ್ಠೆ ಇದೆ. ವೇಲ್ಸ್‌ನ ವೆಲ್ಷ್, ಸ್ಕಾಟ್‌ಲೆಂಡಿನ ಗೇಲಿಕ್, ಪೆರುವಿನ ಕೆಚುವಾಗಳ ಇಳಿಮುಖಕ್ಕೆ ಈ ಲೆಕ್ಕ ಚೆನ್ನಾಗಿಯೇ ಹೊಂದಿತು. ಆದರೆ ಅದರ ತೀರ್ಪು ಕಠಿಣ. ಎರಡು ಭಾಷೆ ಒಟ್ಟಿಗೆ ಉಳಿಯಲಾರವು, ಹೊರಗಿನಿಂದ ಯಾರೂ ಕೈ ಹಾಕದಿದ್ದರೆ ಕೊನೆಗೆ ಒಂದೇ ಗೆಲ್ಲುತ್ತದೆ.

ಕುಪವಾಡಕ್ಕೆ ಈ ಸಮೀಕರಣ ಹಾಕಿ ನೋಡಿದರೆ ಅದು ಮೊದಲ ಸಾಲಿನಲ್ಲೇ ಎಡವುತ್ತದೆ. ಒಬ್ಬ ಮನುಷ್ಯನಿಗೆ ಒಂದೇ ಭಾಷೆ ಎಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. 2005ರಲ್ಲಿ ಸ್ಪೇನಿನ ಹೋರ್ಹೆ ಮೀರಾ ಮತ್ತು ಆಂಹೆಲ್ ಪರೇದೆಸ್ ಎರಡೂ ಬಲ್ಲವರನ್ನು ಲೆಕ್ಕಕ್ಕೆ ಸೇರಿಸಿದರು. ಗಲೀಸಿಯಾ ಪ್ರಾಂತ್ಯದ ಗ್ಯಾಲಿಷಿಯನ್ ಮತ್ತು ಸ್ಪ್ಯಾನಿಷ್‌ನಂತೆ ಭಾಷೆಗಳು ಸಾಕಷ್ಟು ಹೋಲುತ್ತಿದ್ದರೆ ಎರಡೂ ಉಳಿಯುವ ದಾರಿ ಆಗ ಗಣಿತದಲ್ಲೂ ಕಾಣಿಸಿತು. ನನ್ನ ಮಟ್ಟಿಗೆ ಹೋಲಿಕೆಗಿಂತ ಕೆಲಸದ ಹಂಚಿಕೆಯೇ ದೊಡ್ಡದು, ಮತ್ತು ಅದನ್ನು ನೋಡಲು ನೀಲಗಿರಿಗೆ ಹೋಗುವುದು ಮೇಲು.

1901ರ ಸುಮಾರಿಗೆ ಅಲ್ಲಿನ ಬುಡಕಟ್ಟಿನವರಾದ ತೋಡರು ಎಂಟುನೂರರಷ್ಟಿದ್ದರು. 1930ರ ದಶಕದಲ್ಲಿ ಭಾಷಾವಿಜ್ಞಾನಿ ಮರ್ರೆ ಎಮಿನೋ ಅಲ್ಲಿ ಕೂತು ಭಾಷೆ ಬರೆದುಕೊಳ್ಳುವಾಗ ಕೋತರು ಸಾವಿರದ ಆಸುಪಾಸು, ಅದೂ ಏಳು ಊರುಗಳಲ್ಲಿ. ಸಂಖ್ಯೆಯಿಂದಲೇ ಅಳಿವು ಉಳಿವು ತೀರ್ಮಾನವಾಗುವುದಾದರೆ ಈ ನುಡಿಗಳು ಎಂದೋ ಇಲ್ಲವಾಗಬೇಕಿತ್ತು. ಅದರ ಬದಲು ತೋಡ ಭಾಷೆ ದ್ರಾವಿಡ ಕುಟುಂಬದಲ್ಲೇ ಅತಿ ತೊಡಕಿನ ಉಚ್ಚಾರವನ್ನು ಬೆಳೆಸಿಕೊಂಡು ಕೂತಿತ್ತು. ನಾಲಗೆ ಅದುರಿಸಿ ನುಡಿಯುವ ರಕಾರವೇ ಅದರಲ್ಲಿ ಮೂರು ಬಗೆ. ತೋಡರು ಎಮ್ಮೆ ಸಾಕಿ ತುಪ್ಪ ಕೊಡುತ್ತಿದ್ದರು. ಕೋತರು ಕಬ್ಬಿಣದ ಕೆಲಸ, ಮಡಕೆ, ಸಾವುಮದುವೆಗೆ ವಾದ್ಯ. ಬಡಗರು ಧಾನ್ಯ ಬೆಳೆಯುತ್ತಿದ್ದರು, ಕುರುಂಬರು ಕಾಡಿನ ಜೇನು ತರುತ್ತಿದ್ದರು. ಇವರೆಲ್ಲರ ನಡುವೆ ಸಂಪರ್ಕದ ಮಾತು ಹೆಚ್ಚಾಗಿ ಬಡಗ, ನಮ್ಮ ಕನ್ನಡದ ತೀರಾ ಹತ್ತಿರದ ಬಂಧು. ಒಬ್ಬರಿಗೊಬ್ಬರು ಬೇಕಾಗಿದ್ದರು, ಆದರೆ ಒಬ್ಬರು ಇನ್ನೊಬ್ಬರಾಗಬೇಕಿರಲಿಲ್ಲ. ಊಟಿ ಎದ್ದು, ಚಹಾ ತೋಟ ಬಂದು, ಪೇಟೆಯಲ್ಲಿ ಕತ್ತಿ ಮಡಕೆ ದುಡ್ಡಿಗೆ ಸಿಗತೊಡಗಿದ ಮೇಲೆ ಈ ಕೊಡುಕೊಳ್ಳುವಿಕೆ ಸಡಿಲವಾಯಿತು. ಭಾಷೆಗಳಿಗೆ ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ.

ಆಸ್ಟ್ರಿಯಾದ ಓಬರ್‌ವಾರ್ಟ್ ಎಂಬ ಊರಿನ ಕಥೆ ಇನ್ನೂ ಕುತೂಹಲದ್ದು. 1921ರವರೆಗೆ ಹಂಗರಿಗೆ ಸೇರಿದ್ದ ಊರು, ಸುತ್ತಲೂ ಜರ್ಮನ್ ಆಡುವ ಹಳ್ಳಿಗಳು. ಅಲ್ಲಿನ ರೈತರು ಸುಮಾರು ನಾನೂರು ವರ್ಷ ಹಂಗೇರಿಯನ್ ಮತ್ತು ಜರ್ಮನ್ ಎರಡನ್ನೂ ಆಡಿಕೊಂಡಿದ್ದರು. 1970ರ ದಶಕದಲ್ಲಿ ಅಮೆರಿಕದ ಸೂಸನ್ ಗಾಲ್ ಅಲ್ಲಿಗೆ ಹೋದಾಗ ಒಂದೆರಡು ತಲೆಮಾರಿನಲ್ಲೇ ಹಂಗೇರಿಯನ್ ಜಾರುತ್ತಿತ್ತು. ಕಾರಣ ಹುಡುಕಿದರೆ ಅದು ಸಿಕ್ಕಿದ್ದು ಮದುವೆಯಲ್ಲಿ. ಸೆಗಣಿ ಬಾಚಿ ಹಾಲು ಕರೆಯುವ ಬದುಕು ಊರಿನ ಹುಡುಗಿಯರಿಗೆ ಬೇಡವಾಗಿತ್ತು. ಕಾರ್ಖಾನೆ, ಕಚೇರಿಯ ಸಂಬಳದ ಬದುಕು ಬೇಕಿತ್ತು, ಮತ್ತು ಅದರ ಮಾತು ಜರ್ಮನ್. ರೈತರ ಗಂಡುಮಕ್ಕಳಿಗೆ ಊರಿನಲ್ಲಿ ಹೆಣ್ಣು ಸಿಗಲಿಲ್ಲ. ನೆರೆಹಳ್ಳಿಯ, ಜರ್ಮನ್ ಮಾತ್ರ ಬಲ್ಲ ಹೆಣ್ಣುಗಳನ್ನು ತಂದರು, ಅವರ ಮಕ್ಕಳು ಜರ್ಮನ್ ಆಡಿಕೊಂಡೇ ಬೆಳೆದರು. ಕೃಷಿಕ ವರನಿಗೆ ಹೆಣ್ಣು ಸಿಗದ ಕಷ್ಟ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಂಗೇರಿಯನ್ ಹೋದದ್ದು ಎರಡು ಭಾಷೆ ಬಲ್ಲದ್ದರಿಂದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಾನೂರು ವರ್ಷ ಆ ಎರಡು ಭಾಷೆಯ ಬಲ್ಲವಿಕೆಯೇ ಅದನ್ನು ಕಾದಿತ್ತು. ಹಂಗೇರಿಯನ್ ಮಾಡುತ್ತಿದ್ದ ಕೆಲಸ, ಅಂದರೆ ರೈತನಾಗಿ ಮರ್ಯಾದೆಯಿಂದ ಬದುಕುವುದು, ಬೆಲೆ ಕಳೆದುಕೊಂಡಿತು.

ಇದೆಲ್ಲ ಯಾರಾದರೂ ಕೂತು ತೀರ್ಮಾನಿಸಿ ನಡೆಯುವುದಲ್ಲ. ಪಪುವಾ ನ್ಯೂಗಿನಿಯ ಗಾಪುನ್ ಎಂಬ ಪುಟ್ಟ ಹಳ್ಳಿಯ ತಾಯಾಪ್ ಭಾಷೆಯನ್ನು ಡಾನ್ ಕೂಲಿಕ್ 1980ರ ದಶಕದಿಂದ ಅಧ್ಯಯನ ಮಾಡಿದರು. ಅವರು ಮೊದಲ ಸಲ ಅಲ್ಲಿದ್ದಾಗಲೇ ಹತ್ತು ವರ್ಷದೊಳಗಿನ ಮಕ್ಕಳು ತಾಯಾಪ್ ಆಡುತ್ತಿರಲಿಲ್ಲ, ದೇಶದ ಸಂಪರ್ಕ ಭಾಷೆಯಾದ ಟೋಕ್ ಪಿಸಿನ್ ಆಡುತ್ತಿದ್ದರು. ದೊಡ್ಡವರನ್ನು ಕೇಳಿದರೆ, ನಾವು ಬಿಟ್ಟಿಲ್ಲ, ಮಕ್ಕಳೇ ಹಟಮಾರಿಗಳು, ಅವರಿಗೇ ಬೇಡ ಎನ್ನುತ್ತಿದ್ದರು. ಕೂಲಿಕ್ ಮನೆಮಾತನ್ನು ಧ್ವನಿಮುದ್ರಿಸಿ ಕೇಳಿದಾಗ ಕಂಡದ್ದು ಬೇರೆ. ತಾಯಿ ಒಂದು ಮಾತನ್ನು ತಾಯಾಪ್‌ನಲ್ಲಿ ಹೇಳುತ್ತಾಳೆ. ಮಗು ಕಿವಿಗೊಡಲಿಲ್ಲ ಎಂದರೆ ಅದನ್ನೇ ಟೋಕ್ ಪಿಸಿನ್‌ನಲ್ಲಿ ಹೇಳುತ್ತಾಳೆ. ಮಗು ಎರಡನೆಯದಕ್ಕೆ ಕಾಯುವುದನ್ನು ಕಲಿಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ, ‘ಬೇಗ ಬಾ’ ಎಂದು ಎರಡು ಭಾಷೆಯಲ್ಲಿ ಕೂಗುವ ಅಪ್ಪ ಅಮ್ಮಂದಿರನ್ನು ಕೇಳಿದವರಿಗೆ ಇದು ದೂರದ ಸುದ್ದಿ ಎನಿಸಲಾರದು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಕುಪವಾಡದಲ್ಲಾಗಲಿ ನೀಲಗಿರಿಯಲ್ಲಾಗಲಿ ಭಾಷೆಗಳನ್ನು ಬೇರೆಬೇರೆಯಾಗಿ ಇಟ್ಟದ್ದರಲ್ಲಿ ಜಾತಿಯ ಗೋಡೆಗೂ ದೊಡ್ಡ ಪಾಲಿತ್ತು. ಸ್ಕಾಟ್‌ಲೆಂಡಿನ ಪೂರ್ವ ಕರಾವಳಿಯ ಬೆಸ್ತರ ಗೇಲಿಕ್ಕನ್ನು ಅಧ್ಯಯನ ಮಾಡಿದ ನ್ಯಾನ್ಸಿ ಡೋರಿಯನ್ ಕೂಡ ಇಂಥದ್ದನ್ನೇ ಕಂಡರು. ಉಳಿದವರು ಬೆಸ್ತರನ್ನು ದೂರವಿಟ್ಟಿದ್ದರಿಂದಲೇ ಅವರ ಕೇರಿಯಲ್ಲಿ ಆ ಭಾಷೆ ಹೆಚ್ಚು ಕಾಲ ಉಳಿದಿತ್ತು. ನಮ್ಮ ಕರಾವಳಿಯ ಕೊರಗ ಭಾಷೆಯ ವ್ಯಾಕರಣವನ್ನು ಡಿ. ಎನ್. ಶಂಕರ ಬಟ್ 1971ರಲ್ಲಿ ಪ್ರಕಟಿಸಿದರು. ಹೊರಗಿನವರೊಡನೆ ತುಳುವೋ ಕನ್ನಡವೋ ಆಡುವ ಕೊರಗರು ಅದನ್ನು ತಮ್ಮೊಳಗೇ ಇಟ್ಟುಕೊಂಡಿದ್ದರು. ಆ ‘ತಮ್ಮೊಳಗು’ ಎಂಥದ್ದೆಂದು ತಿಳಿಯಲು, ಕೊರಗರನ್ನು ಕೀಳಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ನೆನೆದರೆ ಸಾಕು. ಅದನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಕಾನೂನೇ ಬೇಕಾಯಿತು. ಅವಮಾನದ ಜೊತೆಗೆ ಅಂಟಿಕೊಂಡ ಭಾಷೆಯನ್ನು ಮಕ್ಕಳಿಗೆ ದಾಟಿಸದೆ ಬಿಟ್ಟ ತಾಯಿತಂದೆಯನ್ನು ದೂರುವ ಹಕ್ಕು ಹೊರಗಿನ ಯಾವ ಭಾಷಾಪ್ರೇಮಿಗೂ ಇಲ್ಲ. ಗೋಡೆ ಬೀಳಲೇಬೇಕು. ಬಿದ್ದ ಮೇಲೆ ಆ ನುಡಿಗೆ ಮರ್ಯಾದೆಯ ಕೆಲಸ ಸಿಗುತ್ತದೆಯೇ ಎಂಬುದು ಪ್ರಶ್ನೆ.

ಅಂಥ ಕೆಲಸವನ್ನು ಸರ್ಕಾರಗಳು ಶಾಲೆಯಲ್ಲಿ ಹುಡುಕುತ್ತವೆ. ನಮ್ಮಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ ಅಕಾಡೆಮಿಗಳಿವೆ, ತುಳುವನ್ನು ಪ್ರೌಢಶಾಲೆಯಲ್ಲಿ ಮೂರನೇ ಭಾಷೆಯಾಗಿ ಓದಬಹುದು. ಒಳ್ಳೆಯದೇ. ಆದರೆ ಅಳಿವಿನಂಚಿನ ಭಾಷೆಗಳ ಬಗ್ಗೆ 1991ರಲ್ಲಿ ಎಂಟು ಹಂತಗಳ ಅಳತೆಗೋಲು ಕಟ್ಟಿದ ಜೋಶುವಾ ಫಿಷ್‌ಮನ್ ಖಚಿತವಾಗಿ ಹೇಳಿದ್ದು, ಮನೆಯಲ್ಲಿ ಹಿರಿಯರಿಂದ ಮಕ್ಕಳಿಗೆ ದಾಟುವ ಹಂತ ಮುರಿದರೆ ಮೇಲಿನ ಶಾಲೆ, ಪತ್ರಿಕೆ, ಪ್ರಶಸ್ತಿಗಳೆಲ್ಲ ಬುಡವಿಲ್ಲದವು ಎಂದು. ನ್ಯೂಜಿಲೆಂಡಿನ ಮಾವೊರಿಗಳು 1982ರಲ್ಲಿ ಮಾಡಿದ್ದು ಈ ಬುಡಕ್ಕೇ ಕೈ ಹಾಕುವ ಕೆಲಸ. ನಡುವಿನ ತಲೆಮಾರಿಗೆ ಭಾಷೆ ಬರುತ್ತಿರಲಿಲ್ಲ, ಅಜ್ಜ ಅಜ್ಜಿಯರಿಗೆ ಬರುತ್ತಿತ್ತು. ಶಾಲೆಗೆ ಹೋಗುವ ಮೊದಲಿನ ವಯಸ್ಸಿನ ಮಕ್ಕಳನ್ನು ಹಗಲೆಲ್ಲ ಆ ಹಿರಿಯರ ಮಾತಿನೊಳಗೆ ಬಿಟ್ಟರು. ಪಾಠವಿಲ್ಲ, ಊಟ ಆಟ ನಿದ್ದೆ ಎಲ್ಲ ಮಾವೊರಿಯಲ್ಲಿ. ಹನ್ನೊಂದು ವರ್ಷದ ಹುಡುಗನಿಗೆ ಅಂಕಕ್ಕಾಗಿ ಕಲಿಸುವುದಕ್ಕೂ ಮೂರು ವರ್ಷದ ಮಗುವಿಗೆ ಅನ್ನ ಕಲಸುತ್ತ ಆಡುವುದಕ್ಕೂ ಇರುವ ಅಂತರ ದೊಡ್ಡದು. ನಮ್ಮ ಅಂಗನವಾಡಿಗಳಲ್ಲಿ ಕೊರಗ, ಕೊಡವ, ಎರವ ನುಡಿಗಳಿಗೆ ಜಾಗ ಸಿಕ್ಕರೆ ಅದು ಹತ್ತು ಉತ್ಸವಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

2001ರ ಜನಗಣತಿಯಲ್ಲಿ ಕೊಡವ ಮನೆಮಾತೆಂದು ಬರೆಸಿದವರು 1,66,187. 2011ರಲ್ಲಿ 1,13,857. ಅದೇ ಹತ್ತು ವರ್ಷದಲ್ಲಿ ತುಳು 17.2 ಲಕ್ಷದಿಂದ 18.5 ಲಕ್ಷಕ್ಕೆ ಏರಿತು. ಕೊಡವರಲ್ಲಿ ಅಷ್ಟೂ ಜನ ಭಾಷೆ ಮರೆತರೆಂದು ಇದರ ಅರ್ಥವಲ್ಲ, ಗಣತಿದಾರ ಕೇಳಿದಾಗ ಏನು ಬರೆಸಿದರು ಎಂಬುದಷ್ಟೇ ಅಲ್ಲಿ ದಾಖಲಾಗುತ್ತದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳು 1971ರಿಂದ ಪ್ರಕಟಿತ ಪಟ್ಟಿಯಲ್ಲಿ ಹೆಸರಿಲ್ಲದೆ ‘ಇತರೆ’ ಆಗುತ್ತವೆ. ಬಡಗವನ್ನು ಕನ್ನಡದ ಲೆಕ್ಕಕ್ಕೇ ಸೇರಿಸಲಾಗಿದೆ. ಹಿಂದಿ, ಇಂಗ್ಲಿಷುಗಳ ಒತ್ತಡದ ಬಗ್ಗೆ ನಾವು ದಿನವೂ ದೂರುತ್ತೇವೆ, ದೂರು ಸುಳ್ಳೂ ಅಲ್ಲ. ನಮ್ಮ ನೆರಳಿನಲ್ಲಿ ಇರುವ ನುಡಿಗಳಿಗೆ ಕನ್ನಡವೂ ಅಂಥದೇ ಒತ್ತಡ ಎಂಬುದನ್ನು ಮಾತ್ರ ಅಷ್ಟು ಜೋರಾಗಿ ಹೇಳುವುದಿಲ್ಲ. ಮುಂದಿನ ಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಜೊತೆಗೆ, ಬಲ್ಲ ಇನ್ನೆರಡು ಭಾಷೆಗಳನ್ನೂ ಕೇಳುತ್ತಾರೆ. ಶಾಲೆಯಲ್ಲಿ ಕಲಿತದ್ದನ್ನಲ್ಲ, ಚಿಕ್ಕಂದಿನಲ್ಲಿ ತಾಯಿ ನಿಮ್ಮೊಡನೆ ಆಡಿದ ಮಾತಿನ ಹೆಸರನ್ನು ಮೊದಲು ಬರೆಸಿ. ಮಿಕ್ಕವನ್ನು ಆಮೇಲಿನ ಎರಡು ಅಂಕಣಗಳಲ್ಲಿ ಬರೆಸಲು ಜಾಗವಿದೆ.